ಎರಡಿಂಚು ಎತ್ತರ ಯಾರಿಗೆ ಬೇಕು?

ಮಳೆಗಾಲ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ. 'ಥಾರ್‌ಗೆ ಕಾಯಿಲೋವರ್ ಹಾಕಿಸಬೇಕು ಅಂತಿದೀನಿ, ಯಾವ ಕಂಪನಿದು ಒಳ್ಳೇದು?' ಈ ಸಲ ಕೇಳಿದವರಲ್ಲಿ ಒಬ್ಬರು ಅದೇ ಗಾಡಿಯಲ್ಲಿ ದಿನಾ ವೈಟ್‌ಫೀಲ್ಡಿನ ಆಫೀಸಿಗೆ ಹೋಗುವವರು. ಇನ್ನೊಬ್ಬರದು ಮೂಡಿಗೆರೆ ಕಡೆ ತೋಟ. ಮೂರನೆಯವರು ಇನ್ನೂ ಗಾಡಿಯನ್ನೇ ತಗೊಂಡಿಲ್ಲ, ಶಾಕ್ ಮೊದಲು ನೋಡ್ತಿದ್ದಾರೆ! ಮೂವರಿಗೂ ಒಂದೇ ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕಂಪನಿ ಯಾವುದು ಅನ್ನುವ ಮೊದಲು ಗಾಡಿಯಲ್ಲಿ ಯಾರು ಕೂರುತ್ತಾರೆ ಅಂತ ಕೇಳಬೇಕು.

ನಮ್ಮ ಮನೆಯಲ್ಲಿ ಕೂರುವವರು ಅಪ್ಪ. ಸಕಲೇಶಪುರದ ಹತ್ತಿರ ತೋಟ, ಟಾರ್ ರೋಡಿನಿಂದ ಮನೆಗೆ ನಾಲ್ಕು ಕಿಲೋಮೀಟರ್ ಕಲ್ಲುದಾರಿ. ಹೋದ ವರ್ಷ ಅಪ್ಪನಿಗೆ ಬೆನ್ನಿನ ಆಪರೇಷನ್ ಆಯಿತು. ಡಾಕ್ಟರ್ ನಡೆಯಿರಿ ಅಂದರು, ಕೂರಿ ಅಂದರು, ಎತ್ತಿ ಹಾಕುವ ಕುಲುಕಾಟ ಮಾತ್ರ ಬೇಡ ಅಂದರು. ತಮ್ಮ ತಕ್ಷಣ, 'ತೋಟ ಲೀಸಿಗೆ ಕೊಟ್ಟು ಇಬ್ಬರೂ ಬೆಂಗಳೂರಿಗೆ ಬಂದುಬಿಡಿ' ಅಂದ. ಅಮ್ಮ ಏನೂ ಹೇಳಲಿಲ್ಲ. ಅಪ್ಪ ಒಂದು ವಾರ ಮಾತೇ ಆಡಲಿಲ್ಲ. ಕೊನೆಗೆ ಒಂದು ದಿನ ಫೋನಿನಲ್ಲಿ, 'ಪುಟ್ಟಿ, ಆ ನಾಲ್ಕು ಕಿಲೋಮೀಟರ್ ದಾಟಿಸೋ ಉಪಾಯ ಏನಾದ್ರೂ ಇದ್ರೆ ನೋಡು' ಅಂದರು. ಇಂಜಿನಿಯರಿಂಗ್ ಓದಿಸಿದ್ದಕ್ಕೆ ಅವರು ಕೇಳಿದ ಮೊದಲ ಕೆಲಸ ಅದು. ಅಲ್ಲಿಂದ ಮೂರು ತಿಂಗಳು ನನ್ನ ಶನಿವಾರಗಳೆಲ್ಲ ಗಾಡಿಯ ಅಡಿಯಲ್ಲೇ ಕಳೆದವು.

ಮೊದಲು ಹೆಸರಿನ ಗೊಂದಲ. ಕಾಯಿಲೋವರ್ ಅಂದರೆ ಶಾಕ್ ಅಬ್ಸಾರ್ಬರಿನ ಮೈಸುತ್ತ ಕಾಯಿಲ್ ಸ್ಪ್ರಿಂಗ್ ಕೂತಿರುವ ಜೋಡಿ, ಅಷ್ಟೆ. 2020ರ ಅಕ್ಟೋಬರಿನಲ್ಲಿ ಬಂದ ಥಾರ್‌ನಲ್ಲಿ ಅದು ಕಂಪನಿಯಿಂದಲೇ ಬರುತ್ತದೆ. ಮುಂದೆ ಎರಡೂ ಚಕ್ರ ತಮ್ಮಷ್ಟಕ್ಕೆ ಆಡುವ ಡಬಲ್ ವಿಷ್‌ಬೋನ್, ಹಿಂದೆ ಒಂದೇ ಗಟ್ಟಿ ಆಕ್ಸಲ್, ಎರಡೂ ಕಡೆ ಕಾಯಿಲ್. ಅದಕ್ಕೂ ಹಿಂದಿನ ಥಾರ್‌ಗೆ ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ಗ್ಯಾರೇಜಿನವರು ಬ್ಲೇಡು ಅನ್ನುತ್ತಾರಲ್ಲ, ಅದೇ. ಜಿಪ್ಸಿಗೆ ನಾಲ್ಕೂ ಮೂಲೆಯಲ್ಲಿ ಬ್ಲೇಡು. ಹಾಗಾಗಿ ಅಂಗಡಿಯಲ್ಲಿ 'ಕಾಯಿಲೋವರ್ ಕಿಟ್' ಅಂತ ಮಾರುವುದು ಹೊಸ ಜಾತಿಯ ಪ್ರಾಣಿಯೇನಲ್ಲ. ಶಾಕಿನ ಮೈಗೆ ಮರೆ ಕೊರೆದು, ಮೇಲೊಂದು ಬಳೆ ಹಾಕಿ, ಆ ಬಳೆ ತಿರುಗಿಸಿ ಎತ್ತರ ಹೊಂದಿಸುವ ಅನುಕೂಲ ಮಾಡಿರುತ್ತಾರೆ. ದುಡ್ಡು ಹೆಚ್ಚಾಗುವುದು ಆ ಬಳೆಗೆ ಮತ್ತು ಒಳಗಿನ ವಾಲ್ವಿಗೆ. ಯಾವುದಕ್ಕೆ ಎಷ್ಟು ಕೊಡುತ್ತಿದ್ದೀರಿ ಅನ್ನೋದು ನಿಮಗೆ ಗೊತ್ತಿರಬೇಕು.

ಬಳೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಬಳೆ ಬಿಗಿ ಮಾಡಿದರೆ ಸ್ಪ್ರಿಂಗ್ ಗಡಸಾಗುತ್ತದೆ ಅನ್ನುತ್ತಾರೆ. ಹಾಗಾಗುವುದಿಲ್ಲ. ಒಂದೇ ಸಮನೆ ಸುತ್ತಿದ ಸ್ಪ್ರಿಂಗಿನ ಗಡಸುತನ ಅದರ ತಂತಿ, ಸುತ್ತಿನ ವ್ಯಾಸ, ಸುತ್ತುಗಳ ಸಂಖ್ಯೆಯಿಂದ ಬರುವಂಥದ್ದು. ಬಳೆ ಇಳಿಸಿದರೆ ಗಾಡಿ ಮೇಲೇಳುತ್ತದೆ, ಅಷ್ಟೆ. ಆದರೆ ಆ ಎತ್ತರ ಪುಕ್ಕಟೆ ಸಿಗಲ್ಲ. ಚಕ್ರಕ್ಕೆ ಒಟ್ಟು 200 ಮಿಲಿಮೀಟರ್ ಓಡಾಟ ಇದೆ ಅಂದುಕೊಳ್ಳಿ, ಮೇಲಕ್ಕೆ 100, ಕೆಳಕ್ಕೆ 100. ಅದೇ ಉದ್ದದ ಶಾಕ್ ಇಟ್ಟುಕೊಂಡು 50 ಮಿಲಿಮೀಟರ್ ಎತ್ತರಿಸಿದರೆ ಮೇಲಕ್ಕೆ 150 ಆಯಿತು, ಕೆಳಕ್ಕೆ ಉಳಿದದ್ದು ಬರೇ 50. ಚಕ್ರ ಹೊಂಡಕ್ಕೆ ಇಳಿಯುವಾಗ ಅರ್ಧದಾರಿಯಲ್ಲೇ ಶಾಕ್ ಪೂರ್ತಿ ಚಾಚಿಕೊಂಡು 'ಟಕ್' ಅನ್ನುತ್ತದೆ, ಟೈರು ನೆಲ ಬಿಡುತ್ತದೆ. ಎತ್ತರ ಮಾಡಿಸಿದ ಗಾಡಿಯಲ್ಲಿ ಸಣ್ಣ ಹೊಂಡಕ್ಕೂ ಸೊಂಟಕ್ಕೆ ಗುದ್ದು ಬೀಳುವುದು ಇದರಿಂದಲೇ. ಬೆನ್ನುನೋವಿನವರಿಗೆ ಉಬ್ಬಿಗಿಂತ ಹೊಂಡವೇ ಕಷ್ಟ, ಅಪ್ಪನನ್ನು ಕೇಳಿ.

ಹಾಗಾದರೆ ಉದ್ದದ ಶಾಕ್ ಹಾಕಿದರೆ? ಹಾಕಬಹುದು. ಆದರೆ ಮುಂದಿನ ಚಕ್ರದ ಆಕ್ಸಲ್ ಕೀಲು, ಮೇಲಿನ ಆರ್ಮಿನ ಬಾಲ್ ಜಾಯಿಂಟ್ ಎರಡಕ್ಕೂ ಬಗ್ಗುವ ಮಿತಿ ಇದೆ. ಎತ್ತರ ಹೆಚ್ಚಿದಂತೆ ಅವು ಸದಾ ಕೋನದಲ್ಲೇ ತಿರುಗಿ ಬೇಗ ಸವೆಯುತ್ತವೆ, ರಬ್ಬರ್ ಬೂಟು ಹರಿಯುತ್ತದೆ, ಹರಿದ ಬೂಟಿನೊಳಗೆ ನಮ್ಮ ಕೆಮ್ಮಣ್ಣು ಸೇರಿದರೆ ಕೀಲಿನ ಕಥೆ ಮುಗಿಯಿತು. ಅದಕ್ಕೇ ತಿಳಿದವರು ಮುಂದಿನ ಚಕ್ರಗಳು ಬಿಡಿಯಾಗಿರುವ ಗಾಡಿಯಲ್ಲಿ ಒಂದೂವರೆ-ಎರಡಿಂಚಿಗೆ ನಿಲ್ಲಿಸಿ ಅನ್ನುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಆರ್ಮ್, ಬ್ರೇಕ್ ಪೈಪು, ಡಿಫರೆನ್ಷಿಯಲ್ ಇಳಿಸುವ ಸ್ಪೇಸರ್ ಅಂತ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ತಮ್ಮನಿಗೆ ಎರಡಿಂಚು ಲಿಫ್ಟ್ ಜೊತೆಗೆ 33 ಇಂಚಿನ ಟೈರೂ ಬೇಕಿತ್ತು. 'ಅಕ್ಕ, ಹೆಂಗಿದ್ರೂ ಬಿಚ್ಚುತ್ತೀವಲ್ಲ, ಒಟ್ಟಿಗೇ ಮಾಡ್ಸೋಣ. ಅಡಿಗೆ ಕಲ್ಲು ತಾಗಲ್ಲ' ಅಂದ. ಎಲ್ಲಿ ತಾಗಲ್ಲ ಅಂತ ಕೇಳಿದೆ. ಹಿಂದಿನದು ಗಟ್ಟಿ ಆಕ್ಸಲ್. ಅದರ ನಡುವಿನ ಗುಂಡು, ಡಿಫರೆನ್ಷಿಯಲ್, ಆಕ್ಸಲ್ಲಿನ ಜೊತೆಗೇ ನೆಲಕ್ಕೆ ಜೋತುಬಿದ್ದಿರುತ್ತದೆ. ಸ್ಪ್ರಿಂಗ್ ಎಷ್ಟು ಎತ್ತರಿಸಿದರೂ ಮೇಲೇಳುವುದು ಬಾಡಿ, ಆ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರು ಮಾತ್ರ, ಅದೂ ವ್ಯಾಸದಲ್ಲಿ ಹೆಚ್ಚಾದದ್ದರ ಅರ್ಧ. 245/75 ಆರ್16 ಟೈರಿನ ವ್ಯಾಸ ಸುಮಾರು 774 ಮಿಲಿಮೀಟರ್, 33 ಇಂಚು ಅಂದರೆ 838. ಅಂದರೆ ಗುಂಡಿನ ಕೆಳಗೆ ಸಿಕ್ಕಿದ್ದು ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಜೊತೆಗೆ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಇನ್ನೊಂದು ಆರೇಳು ಕಿಲೋಮೀಟರ್ ಜಾಸ್ತಿ ಓಡುತ್ತಿರುತ್ತದೆ. ಕಂಪನಿ ಕೊಟ್ಟ 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸಿನಲ್ಲಿ ನಮ್ಮ ದಾರಿಯ ಯಾವ ಕಲ್ಲೂ ಇದುವರೆಗೆ ತಾಗಿಲ್ಲ. ಹಿಂದಿನ ಜೀಪಿನಲ್ಲಿ ಅದೇ ದಾರಿಯಲ್ಲಿ ಗೊಬ್ಬರ ತುಂಬಿಕೊಂಡು ಓಡಾಡಿದವರು ನಾವು.

ಅಪ್ಪ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಅವರು ಕೇಳಿದ್ದು ಒಂದೇ: 'ಗಾಡಿ ಅಷ್ಟು ಎತ್ತರ ಮಾಡಿದ್ರೆ ಹತ್ತೋಕೆ ಏಣಿ ಎಲ್ಲಿ ಕಟ್ಟುತ್ತೀರಾ?'

ಲೆಕ್ಕ ಹಾಕಿದರೆ ಲಿಫ್ಟು, ಟೈರು ಸೇರಿ ಸೀಟು ಎಂಟು ಸೆಂಟಿಮೀಟರ್ ಮೇಲೆ ಹೋಗುತ್ತಿತ್ತು. ಬೆನ್ನು ಬಗ್ಗಿಸಲಾಗದವರಿಗೆ, ಮೊಣಕಾಲು ನೋವಿನವರಿಗೆ, ಸೀರೆ ಉಟ್ಟವರಿಗೆ ಆ ಎಂಟು ಸೆಂಟಿಮೀಟರ್ ಏನು ಅಂತ ಯಾವ ಕ್ಯಾಟಲಾಗೂ ಬರೆಯುವುದಿಲ್ಲ. ಲಿಫ್ಟಿನ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಸ್ಪ್ರಿಂಗ್. ಇಲ್ಲಿ ತೂಕ ಗೊತ್ತಿಲ್ಲದೆ ಮುಂದೆ ಹೋಗಬೇಡಿ. ಕಾಫಿ-ಮೆಣಸಿನ ಊರುಗಳಲ್ಲಿ ವೇಬ್ರಿಜ್ಜಿಗೆ ಬರವಿಲ್ಲ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಚೀಟಿ ತಗೊಳ್ಳಿ, ಆಮೇಲೆ ಇಡೀ ಗಾಡಿ. ವ್ಯತ್ಯಾಸ ಹಿಂದಿನ ಆಕ್ಸಲ್ಲಿನದು. ಖಾಲಿ ಗಾಡಿಯಲ್ಲಿ ಒಂದು ಸಲ, ನೀವು ವಾರದಲ್ಲಿ ಐದು ದಿನ ಹೇಗೆ ಓಡಾಡುತ್ತೀರೋ ಹಾಗೆ ಜನ, ಸಾಮಾನು ತುಂಬಿಕೊಂಡು ಇನ್ನೊಂದು ಸಲ. ವರ್ಷಕ್ಕೊಮ್ಮೆ ಹೋಗುವ ಲಡಾಖ್ ಟ್ರಿಪ್ಪಿನ ತೂಕ ಬೇಡ.

ಒಂದು ಉದಾಹರಣೆ ಹೇಳುತ್ತೇನೆ, ಗಣಿತ ಬೇಡ ಅನ್ನುವವರು ಈ ಪ್ಯಾರಾ ಹಾರಿಸಿ. ಮುಂದಿನ ಒಂದು ಚಕ್ರದ ಸ್ಪ್ರಿಂಗಿನ ಮೇಲೆ 400 ಕೆಜಿ ಕೂತಿದೆ ಅಂದುಕೊಳ್ಳಿ. ಆ ಮೂಲೆ ಸೆಕೆಂಡಿಗೆ ಸುಮಾರು 1.4 ಸಲ ತೂಗಿದರೆ ಪ್ರಯಾಣ ಹಿತ. ಅದಕ್ಕೆ ಚಕ್ರದ ಬಳಿ ಒಂದು ಮಿಲಿಮೀಟರ್ ಒತ್ತಲು ಸುಮಾರು 3.2 ಕೆಜಿ ಬೇಕಾಗುವಂಥ ಗಡಸುತನ ಸಾಕು. ಆದರೆ ಸ್ಪ್ರಿಂಗ್ ಚಕ್ರದ ಮೇಲೆ ನೇರ ಕೂತಿಲ್ಲ, ಆರ್ಮಿನ ನಡುವೆ ಎಲ್ಲೋ ಕೂತಿದೆ. ಚಕ್ರ 10 ಮಿಲಿಮೀಟರ್ ಎದ್ದಾಗ ಸ್ಪ್ರಿಂಗ್ 6 ಮಾತ್ರ ಕುಗ್ಗುತ್ತದೆ ಅಂದರೆ ಆ 0.6ನ್ನು ಅದರಿಂದಲೇ ಗುಣಿಸಿ ಭಾಗಿಸಬೇಕು. ಸ್ಪ್ರಿಂಗಿಗೆ ಬೇಕಾದ ಗಡಸುತನ ಮಿಲಿಮೀಟರಿಗೆ ಸುಮಾರು 8.8 ಕೆಜಿ ಆಗುತ್ತದೆ. ಹಾಗಾಗಿ ಬೇರೆ ಗಾಡಿಯವರ ಸ್ಪ್ರಿಂಗ್ ನಂಬರ್ ನಿಮಗೆ ಉಪಯೋಗಕ್ಕೆ ಬರಲ್ಲ, ಆರ್ಮಿನ ಅಳತೆ ಬೇರೆ ಆದರೆ ನಂಬರಿನ ಅರ್ಥವೇ ಬೇರೆ.

ಇದೇ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಮುಂದೆ ಕಬ್ಬಿಣದ ಬಂಪರ್, ವಿಂಚ್ ಕೂರಿಸಿ 80 ಕೆಜಿ ಹೆಚ್ಚಿಸಿದಿರಿ ಅನ್ನಿ. ಒಂದೊಂದು ಚಕ್ರಕ್ಕೆ 40. ಮೂತಿ ಕುಸಿಯುವುದು ಸುಮಾರು 13 ಮಿಲಿಮೀಟರ್, ಬಂಪರ್ ಆಕ್ಸಲ್ಲಿಗಿಂತ ಮುಂದೆ ಚಾಚಿರುವುದರಿಂದ ಇನ್ನೊಂಚೂರು. ಇಷ್ಟಕ್ಕೆ 'ಹೆವಿ ಡ್ಯೂಟಿ' ಅಂತ ನಲವತ್ತು ಶೇಕಡಾ ಗಡಸು ಸ್ಪ್ರಿಂಗ್ ಮಾರುತ್ತಾರೆ. ಬಂಪರೂ ಇಲ್ಲದೆ ಅದನ್ನು ಹಾಕಿಸಿಕೊಂಡವರಿದ್ದಾರೆ. 1.4 ಇದ್ದದ್ದು 1.65ಕ್ಕೆ ಏರುತ್ತದೆ, ಗಾಡಿ ಕುದುರೆಗಾಡಿ ಆಗುತ್ತದೆ. ಆಮೇಲೆ 'ಇದು ಆಫ್‌ರೋಡ್ ಸೆಟಪ್ ಸಾರ್, ಹೀಗೇ ಇರುತ್ತೆ' ಅಂತ ಸಮಾಧಾನ.

ಕೂತ ಮನುಷ್ಯನ ದೇಹ ಮೇಲೆ-ಕೆಳಗಿನ ಕಂಪನಕ್ಕೆ ಸೆಕೆಂಡಿಗೆ ಸುಮಾರು 4ರಿಂದ 8 ಸಲದ ವ್ಯಾಪ್ತಿಯಲ್ಲಿ ತುಂಬ ಸೂಕ್ಷ್ಮ. ಇದಕ್ಕೆಂದೇ ಐಎಸ್ಒ 2631 ಅಂತ ಒಂದು ಮಾನದಂಡ ಇದೆ. ಬೆನ್ನಿಗೆ ಹೊಡೆಯುವುದು ಗಾಡಿಯ ನಿಧಾನ ತೂಗಾಟ ಅಲ್ಲ, ಕಲ್ಲಿನ ಮೇಲೆ ಹೋಗುವಾಗ ಬರುವ ಆ ಗಡಗಡ. ಅದನ್ನು ತಡೆಯುವ ಕೆಲಸದಲ್ಲಿ ಸ್ಪ್ರಿಂಗಿಗಿಂತ ಟೈರಿನ ಗಾಳಿ ಮತ್ತು ಶಾಕಿನ ವಾಲ್ವು ಮುಖ್ಯ. ಗಾಳಿಯಿಂದ ಶುರು ಮಾಡಿ, ಅದಕ್ಕೆ ದುಡ್ಡು ಬೇಡ. ನಾನು ಫಿಫಾಕ್ಸ್ ಅನ್ನುವ ಉಚಿತ ಆ್ಯಪ್ ಹಾಕಿ, ಮೊಬೈಲನ್ನು ಸೀಟಿನ ಕೆಳಗಿನ ಹಳಿಗೆ ಟೇಪ್ ಸುತ್ತಿ ಬಿಗಿದು, ಅದೇ ದಾರಿ, ಅದೇ 12 ಕಿಲೋಮೀಟರ್ ವೇಗದಲ್ಲಿ ಎರಡು ಸಲ ಓಡಿಸಿದೆ. ಒಮ್ಮೆ 32 ಪಿಎಸ್ಐ, ಒಮ್ಮೆ 22. ಗ್ರಾಫಿನ ಮೊನಚುಗಳು ಕಣ್ಣಿಗೇ ಕಾಣುವಷ್ಟು ತಗ್ಗಿದ್ದವು. ಈಗ ತೋಟದ ಗೇಟಿನ ಹತ್ತಿರ ಗಾಳಿ ಇಳಿಸುತ್ತೇವೆ, ವಾಪಸ್ ಟಾರಿಗೆ ಬರುವಾಗ ಸಿಗರೇಟ್ ಸಾಕೆಟ್ಟಿನ ಪಂಪಿನಿಂದ ತುಂಬಿಸುತ್ತೇವೆ. ಟಾರಿನಲ್ಲಿ ಕಡಿಮೆ ಗಾಳಿ ಇಟ್ಟುಕೊಂಡು ಓಡಿಸಬೇಡಿ, ಟೈರು ಕಾದು ಕೆಡುತ್ತದೆ.

ಶಾಕಿನಲ್ಲಿ ಎರಡು ಜಾತಿ. ಮಾನೋಟ್ಯೂಬಿನಲ್ಲಿ ಒಂದೇ ಕೊಳವೆ, ಅದರೊಳಗೇ ಪಿಸ್ಟನ್ ಓಡುತ್ತದೆ, ಎಣ್ಣೆ ಮತ್ತು ಗ್ಯಾಸಿನ ನಡುವೆ ಇನ್ನೊಂದು ಬಿಲ್ಲೆ. ಬೇಗ ತಣ್ಣಗಾಗುತ್ತದೆ, ಕೆಲಸ ಚೊಕ್ಕ. ಆದರೆ ಹೊರಗಿನಿಂದ ಒಂದು ಕಲ್ಲು ಬಿದ್ದು ಮೈ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬಿನಲ್ಲಿ ಕೊಳವೆಯೊಳಗೆ ಕೊಳವೆ. ಹೊರಗಿನದು ಸ್ವಲ್ಪ ತಗ್ಗಾದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ, ಬೆಲೆಯೂ ಕಡಿಮೆ. ಬಿಸಿ ಮಾತ್ರ ಬೇಗ ಬಿಡುವುದಿಲ್ಲ. ರಾಜಸ್ಥಾನದ ಮರಳಿನಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿಸುವ ರ‍್ಯಾಲಿಗೆ ಬಿಸಿ ದೊಡ್ಡ ಶತ್ರು, ಅಲ್ಲಿ ಪಕ್ಕದಲ್ಲೊಂದು ಪ್ರತ್ಯೇಕ ಎಣ್ಣೆಡಬ್ಬಿ ಇರುವ ರಿಸರ್ವಾಯರ್ ಶಾಕ್ ಬೇಕೇ ಬೇಕು. ನಾಲ್ಕು ಕಿಲೋಮೀಟರ್ ತೋಟದ ದಾರಿಯನ್ನು ಇಪ್ಪತ್ತು ನಿಮಿಷ ಹೋಗುವವರಿಗೆ ಶಾಕಿನ ಎಣ್ಣೆ ಕಾಯುವ ಪ್ರಶ್ನೆಯೇ ಇಲ್ಲ. ಆ ಡಬ್ಬಿ ನೋಡಲು ಚೆಂದ, ಒಪ್ಪುತ್ತೇನೆ. ಫಾಕ್ಸ್, ಕಿಂಗ್, ಬಿಲ್‌ಸ್ಟೈನ್, ಓಲ್ಡ್ ಮ್ಯಾನ್ ಎಮು ಇವೆಲ್ಲ ಒಳ್ಳೆಯ ಹೆಸರುಗಳೇ. ಆದರೆ ಒಂದೊಂದು ಕಂಪನಿಯೂ ಹತ್ತಾರು ಥರದ ಶಾಕ್ ಮಾಡುತ್ತದೆ, ಹೆಸರು ನೋಡಿ ಕೊಂಡರೆ ಒಳಗಿನ ವಾಲ್ವು ಯಾರ ಗಾಡಿಗೆ ಹೊಂದಿಸಿದ್ದು ಅಂತ ತಿಳಿಯುವುದಿಲ್ಲ.

ಕೇಳಬೇಕಾದ್ದು ವಾಲ್ವಿನ ಸ್ವಭಾವ. ಘಾಟಿಯ ತಿರುವಿನಲ್ಲಿ ಬಾಡಿ ವಾಲುವಾಗ, ಬ್ರೇಕಿಗೆ ಮೂತಿ ಬಗ್ಗುವಾಗ ಶಾಕಿನ ರಾಡು ನಿಧಾನ ಚಲಿಸುತ್ತದೆ, ಆಗ ಅದು ಬಿಗಿಯಾಗಿ ಹಿಡಿಯಬೇಕು. ಚೂಪು ಕಲ್ಲು ಹೊಡೆದಾಗ ರಾಡು ಸರಕ್ಕನೆ ಓಡುತ್ತದೆ, ಆಗ ವಾಲ್ವು ತೆರೆದು ದಾರಿ ಬಿಡಬೇಕು. ಗಾಡಿ ನಿಧಾನ ಹೋಗುತ್ತಿದ್ದರೂ ಕಲ್ಲಿನ ಮೇಲೆ ರಾಡಿನ ವೇಗ ಜಾಸ್ತಿಯೇ. ಹೀಗೆ ಎರಡು ಥರ ವರ್ತಿಸುವುದಕ್ಕೆ ಡೈಗ್ರೆಸಿವ್ ವಾಲ್ವಿಂಗ್ ಅನ್ನುತ್ತಾರೆ. ನಮಗೆ ಬೆಂಗಳೂರಿನಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ನುಣುಪಾದ ಹೈವೇ, ಆಗಾಗ ಶಿರಾಡಿ ಇಳಿದು ಮಂಗಳೂರು, ಕೊನೆಗೆ ನಾಲ್ಕು ಕಿಲೋಮೀಟರ್ ಕಲ್ಲು. ಎರಡೂ ಬೇಕು. ಅಂಗಡಿಯವರು ಫೋರ್ಸ್-ವೆಲಾಸಿಟಿ ಗ್ರಾಫ್ ಕೊಟ್ಟರೆ ನೋಡಿ. ಕೊಡದಿದ್ದರೆ ಅದೇ ಶಾಕ್ ಹಾಕಿಸಿದ ಗಾಡಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ಒಂದು ರೌಂಡ್ ಹೋಗಿ. ಡ್ರೈವರ್ ಸೀಟಿನಲ್ಲಿ ಕೂತು ಸಸ್ಪೆನ್ಷನ್ ಪರೀಕ್ಷೆ ಮಾಡಬಾರದು, ಸ್ಟೀರಿಂಗ್ ಹಿಡಿದವರ ಮೈ ಮುಂದಿನ ಗುಂಡಿಗೆ ಮೊದಲೇ ಸಿದ್ಧವಾಗಿರುತ್ತದೆ.

ಎತ್ತರ ಹೊಂದಿಸುವ ಬಳೆಯ ಬಗ್ಗೆ ಇನ್ನೊಂದು ಮಾತು, ಇದು ಮಲೆನಾಡಿನವರಿಗೆ. ಮರೆಯ ಸಂದಿಗೆ ಕೆಂಪು ಕೆಸರು ಸೇರಿ, ಅದರ ಮೇಲೆ ನಾಲ್ಕು ತಿಂಗಳ ಮಳೆ ಹೊಡೆದರೆ ಬಳೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಉಕ್ಕಿನ ಮೈಗೆ ಅಲ್ಯೂಮಿನಿಯಂ ಬಳೆ ಇದ್ದರೆ ಇನ್ನೂ ಬೇಗ. ಹಾಸನದ ಗ್ಯಾರೇಜಿನಲ್ಲಿ ಅಂಥ ಒಂದು ಜೊತೆಯನ್ನು ಕಟಿಂಗ್ ಮಷೀನಿನಲ್ಲಿ ಕತ್ತರಿಸುತ್ತಿದ್ದರು. 'ಎಷ್ಟು ಸಲ ತಿರುಗಿಸಿದ್ರಂತೆ ಇದನ್ನ?' ಅಂತ ಕೇಳಿದೆ. 'ಹಾಕಿದ ದಿನ ಒಂದ್ಸಲ, ಮೇಡಂ. ಇವತ್ತು ಬಿಚ್ಚೋಕೆ ಇನ್ನೊಂದ್ಸಲ' ಅಂದರು ಮೆಕ್ಯಾನಿಕ್. ವಾರವಾರ ಸೆಟ್ಟಿಂಗ್ ಬದಲಿಸುವ ಸ್ಪರ್ಧಿಗಳನ್ನು ಬಿಟ್ಟರೆ ಉಳಿದವರಿಗೆ ಬಳೆಯಿಲ್ಲದ, ತೂಕಕ್ಕೆ ಸರಿಯಾದ ಸ್ಪ್ರಿಂಗ್ ಕೂರಿಸಿದ ಶಾಕೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಲಕ್ಷ ದಾಟುವ ಕಿಟ್ಟಿನ ಬೆಲೆ ಗಣನೀಯವಾಗಿ ಇಳಿಯುವುದೂ ಅಲ್ಲೇ.

ನಾವು ಕೊನೆಗೆ ಹಾಕಿಸಿದ್ದು ಇಷ್ಟು: ಕಂಪನಿ ಎತ್ತರದ್ದೇ ಟ್ವಿನ್ ಟ್ಯೂಬ್ ಶಾಕ್, ದಪ್ಪ ಪಿಸ್ಟನ್ನಿನದು, ನಾಲ್ಕೂ ಕಡೆ. ಮುಂದಿನ ಸ್ಪ್ರಿಂಗ್ ಹಳೆಯದೇ. ಹಿಂದಕ್ಕೆ, ಇಬ್ಬರು ಜನ ಎರಡು ಮೂಟೆ ಅನ್ನುವ ನಮ್ಮ ದಿನದ ತೂಕಕ್ಕೆ ಹೊಂದುವ, ಮೊದಲಿನದಕ್ಕಿಂತ ಮೆತ್ತನೆಯ ಸ್ಪ್ರಿಂಗ್. ಗೊಬ್ಬರದ ಲೋಡು ಪಿಕಪ್ಪಿಗೆ. ಅಪ್ಪ ಕೂರುವುದು ಮುಂದಿನ ಸೀಟಿನಲ್ಲಿ, ಬಾಗಿಲ ಕೆಳಗೆ ಒಂದು ಮೆಟ್ಟಿಲು. ಓಡಿಸುವುದು ತೋಟದ ರೈಟರ್, ಅವರಿಗೆ ಅಪ್ಪನ ಕಣ್ಣಿನ ಭಯ ಇರುವುದರಿಂದ 12ರ ಮೇಲೆ ಹೋಗುವುದಿಲ್ಲ. ಡಿಸೆಂಬರಿನ ಕಾಫಿ ಕುಯ್ಲಿಗೆ ಅಪ್ಪ ವಾರಕ್ಕೆ ಎರಡು ಸಲ ಪೇಟೆಗೆ ಬಂದುಹೋದರು, ಸಂಜೆ ಕಣದಲ್ಲಿ ಕೂತು ತೂಕ ಬರೆಸಿದರು. ಲೀಸಿನ ಮಾತನ್ನು ತಮ್ಮ ಈಗ ಎತ್ತುವುದಿಲ್ಲ, ಬಿಟ್ಟಿದ್ದಾನೆ ಅಂತಲೂ ಹೇಳಲಾರೆ. ಮುಂದಿನ ಮಳೆಗಾಲಕ್ಕೆ ಆ ದಾರಿಯ ಮೂರು ಕಡೆ ಮೋರಿ ಹಾಕಿಸಿ ಕೊರಕಲು ಮುಚ್ಚಿಸುವುದಕ್ಕೆ ಅವನೇ ದುಡ್ಡು ಕೊಡುತ್ತೇನೆ ಅಂದಿದ್ದಾನೆ.

ಹಾಕಿಸುವ ದಿನ ನೀವೇ ನಿಂತು ನೋಡಬೇಕಾದ ಒಂದು ಕೆಲಸ ಇದೆ. ಆರ್ಮುಗಳ ಬೋಲ್ಟನ್ನು ಗಾಡಿ ಜಾಕಿನ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕಿಳಿದು ಗಾಡಿಯ ಭಾರ ಬಿದ್ದ ಮೇಲೆ ಕೊನೆಯ ಟಾರ್ಕ್ ಕೊಡಬೇಕು. ಇಲ್ಲದಿದ್ದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಅವಸರದ ಗ್ಯಾರೇಜಿನಲ್ಲಿ ಇದನ್ನು ಮರೆಯುತ್ತಾರೆ. ಅಲೈನ್‌ಮೆಂಟ್ ಅದೇ ದಿನ, ಎತ್ತರ ಬದಲಾಗಿದ್ದರೆ ಹೆಡ್‌ಲೈಟ್ ಕೂಡ. ಸಾವಿರ ಕಿಲೋಮೀಟರಿಗೆ ಮತ್ತೆ ಬೋಲ್ಟುಗಳ ಬಿಗಿ ನೋಡಿ.

ಕಾನೂನಿನ ಬಗ್ಗೆ ಕೇಳಿದವರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸವೆದ ಶಾಕ್ ತೆಗೆದು ಅದೇ ಅಳತೆಯದು ಹಾಕುವುದು ಬೇರೆ, ಮೂರಿಂಚು ಎತ್ತರಿಸಿ ದೊಡ್ಡ ಟೈರು ಹಾಕುವುದು ಬೇರೆ. ಏನೇ ಮಾಡಿಸುವ ಮೊದಲು ಇನ್ಶೂರೆನ್ಸಿನವರಿಗೆ ಮೇಲ್ ಹಾಕಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿ 'ಏನಾಗಲ್ಲ ಸಾರ್' ಅಂದದ್ದು ಕ್ಲೇಮಿನ ದಿನ ಯಾರಿಗೂ ನೆನಪಿರುವುದಿಲ್ಲ.

ಜಿಮ್ನಿ ಇಟ್ಟುಕೊಂಡ ಓದುಗರೊಬ್ಬರು ಇದೇ ಪ್ರಶ್ನೆ ಕೇಳಿದ್ದಾರೆ. ನಿಮ್ಮ ಗಾಡಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಸ್ಪ್ರಿಂಗ್ ಬೇರೆ ಶಾಕ್ ಬೇರೆ ಕೂತಿವೆ. ಅಂದರೆ ಅದಕ್ಕೆ ಕಾಯಿಲೋವರ್ ಕೂರಿಸಬೇಕಾದರೆ ಚಾಸಿಯಲ್ಲೇ ಹೊಸ ಹಿಡಿಕೆ ವೆಲ್ಡ್ ಮಾಡಬೇಕು, ಅದರ ಗೋಜಿಗೆ ಹೋಗಬೇಡಿ. ಸ್ಪ್ರಿಂಗ್ ಮತ್ತು ಶಾಕನ್ನು ಬೇರೆಬೇರೆಯಾಗಿ ಬದಲಿಸುವುದು ಸುಲಭ, ಅಗ್ಗವೂ ಹೌದು. ಎತ್ತರಿಸಿದರೆ ಮಾತ್ರ ಮುಂದಿನ ಆಕ್ಸಲ್ ಸ್ವಲ್ಪ ಹೊರಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಸ್ಟೀರಿಂಗ್ ಹೈವೇಯಲ್ಲಿ ಅಲೆಯತೊಡಗುತ್ತದೆ. ಅಡ್ಡರಾಡು ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಕ್ಯಾಸ್ಟರ್ ಸರಿಪಡಿಸುವ ಬುಷ್, ಉದ್ದ ಹೊಂದಿಸಬಹುದಾದ ಅಡ್ಡರಾಡು, ಇವೆರಡರ ಬೆಲೆಯನ್ನೂ ಮೊದಲ ಕೊಟೇಶನ್ನಿನಲ್ಲೇ ಸೇರಿಸಿ ಕೇಳಿ.